ದ್ರಾಕ್ಷಿ ಹುಳಿಯ ಎಡ-ಬಲ ಕಂಡ ಲೂಯಿ ಪಾಶ್ಚರ್

ಕಂಬಂ: ಲೂಯಿ ಪಾಶ್ಚರ್ ಎಂದರೆ ನಮ್ಮವರಿಗೆ ನೆನಪಾಗುವುದು ಹುಚ್ಚುನಾಯಿ ಕಡಿತದ ಚುಚ್ಚುಮದ್ದು, ಕೂನೂರಿನಲ್ಲಿ ಅವರ ಹೆಸರಿನಲ್ಲಿರುವ ಸಂಸ್ಥೆ. ಆದರೆ ಅವರಿಗೆ ಮೊದಲು ಹೆಸರು ತಂದದ್ದು ದ್ರಾಕ್ಷಿಯ ಹುಳಿ. 2023ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಂಬಂ ಪನ್ನೀರ್ ದ್ರಾಕ್ಷಿಯಲ್ಲೂ, ಸಾರಿಗೆ ಹಿಂಡುವ ಹುಣಸೆಹಣ್ಣಿನಲ್ಲೂ ಇರುವುದು ಅದೇ ಟಾರ್ಟಾರಿಕ್ ಆಮ್ಲ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ಚರ್ಮ ಹದ ಮಾಡುವವರು. ಬೆಳೆದದ್ದು ದ್ರಾಕ್ಷಾರಸಕ್ಕೆ ಹೆಸರಾದ ಅರ್ಬ್ವಾದಲ್ಲಿ. 1842ರ ಪರೀಕ್ಷೆಯಲ್ಲಿ ಈ ಹುಡುಗನಿಗೆ ರಸಾಯನಶಾಸ್ತ್ರದಲ್ಲಿ ಸಿಕ್ಕಿದ್ದು ಸಾಧಾರಣ ದರ್ಜೆ ಮಾತ್ರ.

ಆಗ ವಿಜ್ಞಾನಿಗಳನ್ನು ಒಂದು ಒಗಟು ಕಾಡುತ್ತಿತ್ತು. ದ್ರಾಕ್ಷಾರಸದ ಪೀಪಾಯಿಯಲ್ಲಿ ಕಟ್ಟುವ ಗಸಿಯಿಂದ ತೆಗೆದ ಆಮ್ಲವನ್ನು ನೀರಿನಲ್ಲಿ ಕರಗಿಸಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅದರೊಳಗೆ ಹಾಯಿಸಿದರೆ ಆ ದಿಕ್ಕು ಬಲಕ್ಕೆ ತಿರುಗುತ್ತಿತ್ತು. ಕಾರ್ಖಾನೆಯೊಂದರಲ್ಲಿ ಸಿಕ್ಕಿದ ಇನ್ನೊಂದು ಆಮ್ಲದಲ್ಲಿ ಇರುವ ಪದಾರ್ಥವೆಲ್ಲ ಅದೇ. ಆದರೆ ಬೆಳಕು ಮಾತ್ರ ತಿರುಗುತ್ತಿರಲಿಲ್ಲ.

1848ರಲ್ಲಿ, 25ರ ಹರೆಯದ ಪಾಶ್ಚರ್ ಈ ಎರಡನೆಯ ಆಮ್ಲದ ಲವಣವನ್ನು ಹರಳುಗಟ್ಟಿಸಿದರು. ನೋಡಿದರೆ ಹರಳುಗಳಲ್ಲಿ ಎರಡು ಬಗೆ. ಎಡಗೈ ಬಲಗೈಗಳ ಹಾಗೆ ಒಂದು ಇನ್ನೊಂದರ ಕನ್ನಡಿಬಿಂಬ! ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಒಂದೊಂದಾಗಿ ಆರಿಸಿ ಬೇರೆ ಬೇರೆ ಕರಗಿಸಿದರು. ಒಂದು ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಎಡಕ್ಕೆ. ಸಮನಾಗಿ ಬೆರೆಸಿದಾಗ ಬೆಳಕು ಕದಲಲಿಲ್ಲ. ಅದೃಷ್ಟವೂ ಜೊತೆಗಿತ್ತು. ಸುಮಾರು 27 ಡಿಗ್ರಿಗಿಂತ ತಂಪಿದ್ದರೆ ಮಾತ್ರ ಆ ಲವಣ ಹೀಗೆ ಎರಡಾಗಿ ಹರಳುಗಟ್ಟುತ್ತದೆ. ನಮ್ಮ ತೇನಿಯ ಬೇಸಿಗೆಯಲ್ಲಾಗಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

74ರ ಹಿರಿಯ ವಿಜ್ಞಾನಿ ಬಿಯೊ ಇದನ್ನು ಸುಲಭಕ್ಕೆ ನಂಬಲಿಲ್ಲ. ತಾವೇ ಆಮ್ಲ ಕೊಟ್ಟು, ಕಣ್ಣೆದುರೇ ಮಾಡಿಸಿ, ತಾವೇ ಉಪಕರಣದಲ್ಲಿ ನೋಡಿದರು. ಬೆಳಕು ಎಡಕ್ಕೆ ತಿರುಗಿದ್ದನ್ನು ಕಂಡ ಮೇಲೆ ಆ ಯುವಕನ ಬೆನ್ನಿಗೆ ನಿಂತರು.

ಹತ್ತು ವರ್ಷದ ನಂತರ ಪಾಶ್ಚರ್ ಇನ್ನೊಂದು ಸೋಜಿಗ ಕಂಡರು. ಬೂಷ್ಟು ಬಲದ ಆಮ್ಲವನ್ನು ತಿಂದು ಎಡದ್ದನ್ನು ಬಿಡುತ್ತಿತ್ತು. ಜೀವಿಗಳಿಗೆ ಎಡ-ಬಲದ ಭೇದ ತಿಳಿಯುತ್ತದೆ ಎಂದಾಯಿತು. ಅಲ್ಲಿಂದ ಅವರ ದಾರಿ ಸೂಕ್ಷ್ಮಜೀವಿಗಳತ್ತ ಹೊರಳಿತು.

ಬದುಕು ಸುಖದ್ದಾಗಿರಲಿಲ್ಲ. ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳವೆಯಲ್ಲೇ ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗದ ಸ್ವಾಧೀನ ತಪ್ಪಿತು. ಆದರೂ ಕೆಲಸ ಬಿಡಲಿಲ್ಲ. ನಾಯಿ ಕಡಿತದ ಮದ್ದು ಬಂದದ್ದು ಅದರ ನಂತರ, 1885ರಲ್ಲಿ. 1895ರ ಸೆಪ್ಟೆಂಬರ್ 28ರಂದು ಕಣ್ಣು ಮುಚ್ಚಿದರು. ಅದೇ ವರ್ಷ ಫ್ರಾನ್ಸಿನವರೇ ಆದ ಎಮೆ ಕಾಟನ್, ಇದೇ ಆಮ್ಲದ ಬಣ್ಣದ ದ್ರಾವಣಗಳು ಎಡಕ್ಕೆ ಸುತ್ತುವ ಬೆಳಕನ್ನೂ ಬಲಕ್ಕೆ ಸುತ್ತುವ ಬೆಳಕನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ ಎಂದು ತೋರಿಸಿದರು. ಪ್ರಯೋಗಾಲಯಗಳಲ್ಲಿ ಅಣುಗಳ ಎಡ-ಬಲ ಪತ್ತೆಮಾಡುವ ರೋಹಿತ ಯಂತ್ರಗಳಿಗೆ ಅದೇ ಆಧಾರ.

ಜಾಮ್, ಮಿಠಾಯಿ ಪೊಟ್ಟಣದ ಮೇಲೆ 334 ಎಂಬ ಸಂಖ್ಯೆ ಕಂಡರೆ, ಅದು ದ್ರಾಕ್ಷಿ-ಹುಣಸೆಗಳಲ್ಲಿರುವ ಈ ಬಲದ ಹುಳಿಯ ಗುರುತು. ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ್ದರಲ್ಲಿ ಎಡ-ಬಲ ಎರಡೂ ಸಮವಾಗಿ ಬೆರೆತಿರುತ್ತವೆ. ಪುಡಿ ನೋಡಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಬೆಳಕು ಹಾಯಿಸಿದರೆ ತಿಳಿಯುತ್ತದೆ.