ಕುದುರೆ ವ್ಯಾಪಾರಿಯ ಪೂರ್ವಾನುಭವ

ಬೀದರಿನ ಚಿದ್ರಿಯ ಯುವಕನೊಬ್ಬ ಇತ್ತೀಚೆಗೆ ತನ್ನ ಉದ್ಯೋಗದ ಅರ್ಜಿಯನ್ನು ನನಗೆ ತೋರಿಸಿದ. ಭಾಲ್ಕಿಯ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದದ್ದನ್ನೂ ಔರಾದ ತಾಲ್ಲೂಕಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕನಾಗಿದ್ದುದನ್ನೂ ಅದರಲ್ಲಿ ಕೈಬಿಟ್ಟಿದ್ದ. ಎಲ್ಲಿಯೂ ನಿಲ್ಲದವನೆಂದು ಸಂದರ್ಶಕರು ಭಾವಿಸಿಯಾರೆಂಬ ಅಳುಕು ಅವನದು. ಅವನ ಊರಿನಲ್ಲೇ ಐದೂವರೆ ಶತಮಾನಗಳಿಗೂ ಹಿಂದೆ ನೆಲೆ ಕಂಡ ಮಹಮೂದ್ ಗವಾನ್ ನನಗೆ ನೆನಪಾದ.

ಇರಾನಿನ ಗಿಲಾನ್ ಪ್ರಾಂತದ ಸ್ಥಿತಿವಂತ ಮನೆತನದಲ್ಲಿ ಹುಟ್ಟಿದ ಗವಾನ್, ಆಸ್ಥಾನದ ಒಳಸಂಚಿಗೆ ಬೇಸತ್ತು ಊರು ತೊರೆದು ವ್ಯಾಪಾರಕ್ಕೆ ಇಳಿದ. ಕೈರೋದಲ್ಲಿ ವಿದ್ವಾಂಸರ ಬಳಿ ಅಧ್ಯಯನವನ್ನೂ ಮಾಡಿದ. 1453ರಲ್ಲಿ ಕುದುರೆ ಮತ್ತಿತರ ಸರಕಿನೊಡನೆ ದಾಭೋಳ ಬಂದರಿಗೆ ಬಂದಾಗ ಅವನಿಗೆ ನಲವತ್ತು ದಾಟಿತ್ತು. ಬೀದರಿನ ಸಂತರನ್ನು ಕಂಡು ದೆಹಲಿಯತ್ತ ಸಾಗುವುದು ಅವನ ಎಣಿಕೆ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಅವನನ್ನು ಸೇವೆಗೆ ಸೇರಿಸಿಕೊಂಡ. ಮುಂದೆ ಹುಮಾಯೂನ್ ಷಾ ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಬಿರುದನ್ನಿತ್ತ. ಹಳೆಯ ಕಸುಬು ಮುಚ್ಚಿಡುವ ಸಂಗತಿಯಾಗಲಿಲ್ಲ. ಪದವಿಯ ಹೆಸರಿನಲ್ಲೇ ನಿಂತಿತು.

ಮೂರನೆಯ ಮುಹಮ್ಮದನ ಕಾಲದಲ್ಲಿ ಅವನೇ ಪ್ರಧಾನಮಂತ್ರಿ. 1472ರಲ್ಲಿ ಅವನು ವಿಜಯನಗರದಿಂದ ಗೋವೆಯನ್ನು ಗೆದ್ದ. ದಖ್ಖನಿನ ಸೈನ್ಯಗಳಿಗೆ ಕುದುರೆಗಳು ಬರುತ್ತಿದ್ದುದು ಕಡಲ ಹಾದಿಯಿಂದ; ಬಂದರಿನ ಬೆಲೆಯನ್ನು ಕುದುರೆ ಮಾರಿದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲವೆಂದು ಅರ್ಥಶಾಸ್ತ್ರ ಓದಿದ ನನ್ನ ಊಹೆ. ಅದೇ ವರ್ಷ ಬೀದರಿನ ಮದರಸಾ ತಲೆಯೆತ್ತಿತು. ಅದರ ಹಿಂದಿದ್ದವನು ಕೈರೋದ ವಿದ್ಯಾರ್ಥಿ.

ಸಾಮ್ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿಸಿ, ಭೂಮಿಯನ್ನು ಅಳೆಯಿಸಿ, ಪ್ರಾಂತಾಧಿಕಾರಿಗೆ ಒಂದೇ ಕೋಟೆಯೆಂದು ಅವನು ಕಟ್ಟುಮಾಡಿದ. ಆಡಳಿತದಲ್ಲಿ ಸವೆದವರಿಗೆ ಮುಂದಿನದು ಗೊತ್ತೇ ಇದೆ. ಅಧಿಕಾರ ಕಳೆದುಕೊಂಡವರು ಅವನ ಮುದ್ರೆಯನ್ನು ಖಾಲಿ ಹಾಳೆಗೆ ಒತ್ತಿಸಿ, ಒಡಿಶಾದ ಅರಸನಿಗೆ ಬರೆದ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನ ವಿಚಾರಣೆ ನಡೆಸಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ಅವನ ತಲೆ ಉರುಳಿತು.

ಆಮೇಲೆ ಸುಲ್ತಾನ ಮಂತ್ರಿಯ ಖಜಾನೆಯ ಲೆಕ್ಕ ಕೇಳಿದ. ಫೆರಿಸ್ತಾನ ಇತಿಹಾಸದ ಪ್ರಕಾರ ಅಲ್ಲಿ ಸಿಕ್ಕಿದ್ದು ಅತ್ಯಲ್ಪ. ಜಹಗೀರಿನ ಆದಾಯ ಸೈನಿಕರಿಗೂ ಬಡವರಿಗೂ ವ್ಯಯವಾಗುತ್ತಿತ್ತು. ಇರಾನಿನಿಂದ ತಂದ ಬಂಡವಾಳವನ್ನು ಗವಾನ್ ಕೊನೆಯವರೆಗೂ ವ್ಯಾಪಾರದಲ್ಲಿ ತೊಡಗಿಸಿದ್ದ. ಅವನ ಸ್ವಂತ ಊಟದ ಖರ್ಚು ನಡೆಯುತ್ತಿದ್ದುದು ಆ ಲಾಭದಿಂದ.