ಬಲೆಯ ಮುಂದೆ ನಿಂತ ಆಲ್ತಿಯಾ ಗಿಬ್ಸನ್

ನಮ್ಮ ಶಾಲೆಯ ಅಂಗಳದಲ್ಲಿ ಟೆನಿಕಾಯ್ಟ್ ಆಡುವ ಬಾಲಿಕೆಯರನ್ನು ನಾವು ಬಹುಕಾಲದಿಂದ ನೋಡುತ್ತಾ ಬಂದಿದ್ದೇವೆ. ಅವರಲ್ಲಿ ಹೆಚ್ಚಿನವರು ಬಲೆಯಿಂದ ದೂರವೇ ನಿಲ್ಲುವರು. ಬಳೆಯು ಮುಖದ ಕಡೆಗೆ ಬಂದೊಡನೆ ಕಣ್ಣು ಮುಚ್ಚುವರು. ಟೆನಿಸ್ ಆಟದಲ್ಲಿಯೂ ಸಂಗತಿಯು ಹೀಗೆಯೇ. ಆದಕಾರಣ ಬಲೆಯ ಸಮೀಪಕ್ಕೆ ಹೋಗಲು ಅಂಜದಿದ್ದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಇಲ್ಲಿ ಹೇಳಲಪೇಕ್ಷಿಸುತ್ತೇವೆ.

ಆಲ್ತಿಯಾ ಗಿಬ್ಸನ್ ಎಂಬಾಕೆಯು 1927ನೆಯ ಇಸವಿ ಆಗಸ್ಟ್ 25ರಂದು ಅಮೇರಿಕದ ದಕ್ಷಿಣ ಕ್ಯಾರೊಲೈನಾ ಸಂಸ್ಥಾನದ ಸಿಲ್ವರ್ ಎಂಬ ಊರಲ್ಲಿ ಹುಟ್ಟಿದಳು. ತಾಯಿತಂದೆಗಳು ಕರಿಯ ಜನಾಂಗದವರು. ಪರರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆದು ಜೀವಿಸುತ್ತಿದ್ದರು. ಆ ಬಳಿಕ ಕುಟುಂಬವು ನ್ಯೂಯಾರ್ಕ್ ಪಟ್ಟಣದ ಹಾರ್ಲೆಮ್ ಕೇರಿಯಲ್ಲಿ ನೆಲಸಿತು. ಅಲ್ಲಿ ಬಾಲಿಕೆಯು ಶಾಲೆ ತಪ್ಪಿಸಿ ಬೀದಿ ಅಲೆಯುತ್ತಿದ್ದಳು. ಅದಕ್ಕಾಗಿ ತಂದೆಯು ಕರುಣೆಯಿಲ್ಲದೆ ಹೊಡೆಯುತ್ತಿದ್ದನು. ಏಟಿಗಂಜಿ ಆಕೆಯು ಪೀಡಿತ ಮಕ್ಕಳ ಆಶ್ರಯಗೃಹವೊಂದನ್ನು ಸೇರಿದ್ದೂ ಉಂಟು. ಹಾಜರಿ ಪುಸ್ತಕದಲ್ಲಿ ಗುರುತು ಹಾಕುವ ನಮಗೆ ಆ ಗುರುತಿನ ಹಿಂದೆ ಏನಿದೆಯೆಂದು ಯಾವಾಗಲೂ ತಿಳಿಯುವುದಿಲ್ಲ. ಇದನ್ನು ಬರೆಯುವಾಗ ಕೆಲವು ಹೆಸರುಗಳು ನೆನಪಾಗಿ ವ್ಯಥೆಯಾಗುತ್ತದೆ.

ಅದೇ ತಂದೆಯು ಮಗಳಿಗೆ ಮುಷ್ಟಿಯುದ್ಧವನ್ನೂ ಕಲಿಸಿದನು. ಆ ಕೇರಿಯಲ್ಲಿ ಆಕೆಯು ತನ್ನನ್ನು ತಾನೇ ಕಾಪಾಡಿಕೊಳ್ಳಬೇಕೆಂಬುದು ಒಂದು. ಆಕೆಯನ್ನು ಹಣಕ್ಕಾಗಿ ಹೋರಾಡುವ ಜಟ್ಟಿಯನ್ನಾಗಿ ಮಾಡಬೇಕೆಂಬುದು ಇನ್ನೊಂದು. ಎರಡನೆಯದು ಕೈಗೂಡಲಿಲ್ಲ.

ಬೀದಿಯಲ್ಲಿ ಮರದ ಹಲಗೆಯಿಂದ ಚೆಂಡಾಡುವುದರಲ್ಲಿ ಆಕೆಯು 1939ರಲ್ಲಿ ಪಟ್ಟಣಕ್ಕೇ ಮೊದಲಿಗಳಾದಳು. ಬಡ್ಡಿ ವಾಕರ್ ಎಂಬ ಸಂಗೀತಗಾರನು ಇದನ್ನು ಕಂಡು ರಾಕೆಟ್ಟನ್ನು ಕೊಡಿಸಿದನು. ನೆರೆಹೊರೆಯವರು ಚಂದಾ ಕೂಡಿಸಿ ಕಾಸ್ಮೋಪಾಲಿಟನ್ ಕ್ಲಬ್ಬಿಗೆ ಸೇರಿಸಿದರು. ಒಂದೇ ಕೈಯುಳ್ಳ ಫ್ರೆಡ್ ಜಾನ್ಸನ್ ಎಂಬವನು ಅಲ್ಲಿ ಆಕೆಯ ಗುರುವು. ಶಿಷ್ಯೆಗಾದರೋ ಟೆನಿಸ್ಸಿನ ನಯವಿನಯಗಳು ಹಿಡಿಸಲಿಲ್ಲ. ಸೋಲುವ ಸಮಯ ಬಂದರೆ ಎದುರಾಳಿಯನ್ನೇ ಹೊಡೆಯಬೇಕೆಂದು ತೋರುತ್ತಿತ್ತು.

ಈ ಹೋರಾಟದ ಬುದ್ಧಿಯನ್ನು ಕಿತ್ತುಹಾಕಬೇಕಾಗಿರಲಿಲ್ಲ, ತಿರುಗಿಸಬೇಕಾಗಿತ್ತು. ಮುಷ್ಟಿಮಲ್ಲನು ಬರುವ ಪೆಟ್ಟನ್ನು ಕಣ್ಣು ತೆರೆದೇ ನೋಡುವನು. ಮೊಣಕಾಲು ಬಗ್ಗಿಸಿ ಮುಂಗಾಲ ಮೇಲೆ ನಿಲ್ಲುವನು. ಕೈಯನ್ನು ದೂರ ಹಿಂದಕ್ಕೆ ಬೀಸದೆ ಮುಂದೆ ಹೆಜ್ಜೆಯಿಟ್ಟು ಚಿಕ್ಕದಾಗಿ ಗುದ್ದುವನು. ಬಲೆಯ ಬಳಿಯಲ್ಲಿ ಚೆಂಡು ನೆಲ ಮುಟ್ಟುವುದಕ್ಕೆ ಮೊದಲೇ ಹೊಡೆಯುವವಳಿಗೂ ಇದೇ ಕ್ರಮವು. ಮುಂದೆ ಹೋದಷ್ಟೂ ಎದುರಾಳಿಗೆ ಚೆಂಡು ದಾಟಿಸುವ ಎಡೆಯೂ ಯೋಚಿಸುವ ಸಮಯವೂ ಕಡಿಮೆ. ಆದರೆ ಸಿಟ್ಟಾದ ಮಲ್ಲನು ಕಾಪು ಬಿಟ್ಟು ಪೆಟ್ಟು ತಿನ್ನುವನಷ್ಟೇ. ಎತ್ತರದ ಮೈಯೂ ನೀಳವಾದ ಕೈಗಳೂ ಇದ್ದ ಆಲ್ತಿಯಾ ಬಲವಾಗಿ ಚೆಂಡನ್ನೆಸೆದು ಹೊಡೆದು, ಅದರ ಬೆನ್ನ ಹಿಂದೆಯೇ ಬಲೆಗೆ ಓಡುವುದನ್ನು ರೂಢಿಮಾಡಿಕೊಂಡಳು.

1946ರಲ್ಲಿ ಈಟನ್, ಜಾನ್ಸನ್ ಎಂಬ ಇಬ್ಬರು ಕರಿಯ ವೈದ್ಯರು ಆಕೆಯ ಭಾರವನ್ನು ವಹಿಸಿಕೊಂಡರು. ಈಟನ್ನರ ಮನೆಯಲ್ಲಿದ್ದುಕೊಂಡು, ಬಿಟ್ಟಿದ್ದ ಓದನ್ನು ಹಿಡಿದು, 1949ರಲ್ಲಿ ಹೈಸ್ಕೂಲು ಮುಗಿಸಿದಳು. ಆಗ ವಯಸ್ಸು ಇಪ್ಪತ್ತೊಂದು! ನಮಗೆ ಆಕೆಯ ಎಲ್ಲಾ ಜಯಗಳಿಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಬಿಳಿಯರ ಪಂದ್ಯಗಳ ಬಾಗಿಲು ಇನ್ನೂ ಮುಚ್ಚಿತ್ತು. ಹಿಂದಿನ ಪ್ರಸಿದ್ಧ ಆಟಗಾರ್ತಿ ಆಲಿಸ್ ಮಾರ್ಬಲ್ 1950ರಲ್ಲಿ ಈ ಅನ್ಯಾಯವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಖಂಡಿಸಿದ ಮೇಲೆ ಫಾರೆಸ್ಟ್ ಹಿಲ್ಸಿಗೆ ಕರೆ ಬಂತು. ಅಲ್ಲಿ ಲೂಯಿಸ್ ಬ್ರಾಳ ಎದುರು ಕಡೆಯ ಸೆಟ್ಟಿನಲ್ಲಿ 7-6ರಿಂದ ಮುಂದಿದ್ದಾಗ ಗುಡುಗು ಮಳೆ ಸುರಿದು ಆಟ ನಿಂತಿತು. ಮರುದಿನ ಬ್ರಾ 9-7ರಿಂದ ಗೆದ್ದಳು. ಅನಂತರದ ವರುಷಗಳು ಮಂಕಾಗಿಯೇ ಕಳೆದವು. ಒಂದು ಕಾಲೇಜಿನಲ್ಲಿ ವ್ಯಾಯಾಮ ಕಲಿಸುತ್ತಾ, ಆಟ ಬಿಟ್ಟು ಸೈನ್ಯ ಸೇರೋಣವೆಂದೂ ಯೋಚಿಸಿದಳು. ಆಗ ಅಮೇರಿಕದ ಸರಕಾರವು ಆಕೆಯನ್ನು ಏಷ್ಯಾ ಖಂಡದ ಪ್ರವಾಸಕ್ಕೆ ಕಳುಹಿಸಿತು. ನಮ್ಮ ಇಂಡಿಯಾ ದೇಶದಲ್ಲಿಯೂ ಆಡಿ ಹೋದಳು.

1956ರಲ್ಲಿ ಫ್ರಾನ್ಸಿನ ಪ್ರಶಸ್ತಿಯು ದೊರೆಯಿತು. 1957ರಲ್ಲಿ ಡಾರ್ಲೀನ್ ಹಾರ್ಡಳನ್ನು 6-3, 6-2ರಿಂದ ಸೋಲಿಸಿ, ವಿಂಬಲ್ಡನ್ನಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯವರ ಕೈಯಿಂದ ಪ್ರಶಸ್ತಿಯನ್ನು ಪಡೆದಳು. ಅದೇ ವರುಷ ಫಾರೆಸ್ಟ್ ಹಿಲ್ಸಿನಲ್ಲಿ ಅಂತಿಮ ಪಂದ್ಯದ ಎದುರಾಳಿಯು ಹಳೆಯ ಬ್ರಾಳೇ. ಈ ಸಾರಿ ಆಲ್ತಿಯಾ ಗೆದ್ದಳು. 1958ರಲ್ಲಿ ಎರಡೂ ಕಡೆ ಪುನಃ ಜಯವು.

ಆಗಿನ ಟೆನಿಸ್ಸಿನಲ್ಲಿ ಕೀರ್ತಿಯಿತ್ತೇ ಹೊರತು ದುಡ್ಡಿರಲಿಲ್ಲ. ವೃದ್ಧಾಪ್ಯದಲ್ಲಿ ರೋಗವೂ ಬಡತನವೂ ಕೂಡಿ ಬಂದಾಗ, 1956ರಲ್ಲಿ ಜೋಡಿಯಾಗಿ ಆಡಿ ವಿಂಬಲ್ಡನ್ ಗೆದ್ದಿದ್ದ ಇಂಗ್ಲೆಂಡಿನ ಆಂಜೆಲಾ ಬಕ್ಸ್ಟನ್ ಎಂಬ ಗೆಳತಿಯು ಹಣ ಕೂಡಿಸಿ ಕಳುಹಿಸಿದಳು. ಆಲ್ತಿಯಾ 2003ನೆಯ ಇಸವಿ ಸೆಪ್ಟೆಂಬರ್ 28ರಂದು ತೀರಿಕೊಂಡಳು. ಹದಿನಾರು ವರುಷಗಳ ತರುವಾಯ ನ್ಯೂಯಾರ್ಕಿನ ಟೆನಿಸ್ ಅಂಗಳದ ಬಳಿ ಆಕೆಯ ಶಿಲಾಪ್ರತಿಮೆಯನ್ನು ನಿಲ್ಲಿಸಿದರು.