ಬಹುಮತವಿಲ್ಲದೆ ನಾಡು ನಡೆಸಿದ ರಾಮಕೃಷ್ಣ ಹೆಗಡೆ

ಎಂಬತ್ತರ ದಶಕದಲ್ಲಿ ನಮ್ಮ ಶಾಲೆಯಲ್ಲಿ ಓದಿದವರಿಗೆ ರಾಮಕೃಷ್ಣ ಹೆಗಡೆಯವರ ಹೆಸರು ಚೆನ್ನಾಗಿ ನೆನಪಿರುತ್ತದೆ. ಈಗಿನ ಮಕ್ಕಳಿಗೆ ಅವರ ಪರಿಚಯ ಕಡಿಮೆ. ಊರಿನ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳು ಸದಸ್ಯರಾಗಿ ಕೂರುವುದು ಈ ಮಕ್ಕಳಿಗೆ ತೀರ ಸಹಜವಾದ ಸಂಗತಿ. ಅದರ ಹಿಂದಿನ ಕಥೆಯಲ್ಲಿ ಹೆಗಡೆಯವರ ಪಾಲು ದೊಡ್ಡದು.

ಹೆಗಡೆಯವರು 1926ರ ಆಗಸ್ಟ್ 29ರಂದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಜನಿಸಿದರು. ಕಾಶಿ ವಿದ್ಯಾಪೀಠದಲ್ಲಿ ಓದಿ, ಲಖನೌದಲ್ಲಿ ಕಾನೂನು ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದರು. 1957ರಲ್ಲಿ ಶಾಸಕರಾದರು. ನಿಜಲಿಂಗಪ್ಪ ಹಾಗೂ ವೀರೇಂದ್ರ ಪಾಟೀಲರ ಸಂಪುಟಗಳಲ್ಲಿ ಸಚಿವರಾಗಿ, ಹಣಕಾಸು ಖಾತೆಯಲ್ಲಿ ಹೆಸರು ಮಾಡಿದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರ ಜೊತೆ ಉಳಿದರು. ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದರು.

1983ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಜನತಾರಂಗಕ್ಕೆ ದೊರೆತದ್ದು 95. ಬಹುಮತಕ್ಕೆ 113 ಬೇಕಿತ್ತು. ನಾಯಕ ಪಟ್ಟಕ್ಕೆ ಹಲವರು ಕಣ್ಣಿಟ್ಟಿದ್ದಾಗ, ಶಾಸಕರೇ ಅಲ್ಲದ ಹೆಗಡೆಯವರ ಆಯ್ಕೆಯಾಯಿತು. ಜನವರಿ 10ರಂದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾಗಿ ಅವರು ಪ್ರಮಾಣವಚನ ಸ್ವೀಕರಿಸಿದರು. ಬಳಿಕ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. 18 ಶಾಸಕರಿದ್ದ ಭಾರತೀಯ ಜನತಾ ಪಕ್ಷವೂ ಅದಕ್ಕೆ ವಿರುದ್ಧ ನಿಲುವಿನ ಎಡಪಕ್ಷಗಳೂ ಹೊರಗಿನಿಂದ ಬೆಂಬಲಿಸಿದವು. ಇಬ್ಬರಲ್ಲಿ ಒಬ್ಬರು ಮುನಿದರೂ ಸರ್ಕಾರಕ್ಕೆ ಕುತ್ತು. ಹಾಗಾಗಿ ಎಲ್ಲರ ಮಾತನ್ನೂ ಕೇಳಿಯೇ ಹೆಜ್ಜೆ ಇಡಬೇಕಾಗಿತ್ತು.

ಇಂಥ ಸರ್ಕಾರ ದಿನ ದೂಡಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಆದರೆ ಹೆಗಡೆಯವರು ಇದ್ದ ಅಧಿಕಾರವನ್ನೇ ಹಂಚಲು ಹೊರಟರು. ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿಗಳ ಕಾಯಿದೆ ರೂಪುಗೊಂಡಿತು. ಶೇಕಡ 25ರಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ ನಜೀರ್ ಸಾಬರನ್ನು ಜನ ನೀರ್ ಸಾಬ್ ಎಂದೇ ಕರೆದರು. ಲಂಚಗುಳಿತನ ತಡೆಯಲು 1984ರಲ್ಲಿ ಲೋಕಾಯುಕ್ತ ಕಾಯಿದೆಯೂ ಬಂತು.

1984ರ ಕೊನೆಗೆ ಲೋಕಸಭಾ ಚುನಾವಣೆ ನಡೆದು, ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4 ಮಾತ್ರ. ವಿಧಾನಸಭೆಗೂ ಆ ಫಲಿತಾಂಶಕ್ಕೂ ಸಂಬಂಧವಿರಲಿಲ್ಲ. ಹೆಗಡೆಯವರು ಕುರ್ಚಿಯಲ್ಲಿ ಉಳಿಯಬಹುದಿತ್ತು. ಆದರೆ ಜನರ ನಂಬಿಕೆ ತಮಗಿಲ್ಲವೆಂದು ಬಗೆದು ರಾಜೀನಾಮೆಯಿತ್ತು ಮತ್ತೆ ಜನರ ಮುಂದೆ ನಿಂತರು. 1985ರ ಮಾರ್ಚ್‌ನಲ್ಲಿ ಜನ ಅವರ ಪಕ್ಷಕ್ಕೆ 139 ಸ್ಥಾನ ಕೊಟ್ಟರು. 1987ರಲ್ಲಿ ಹೊಸ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು.

ಬಹುಮತ ಬಂದ ಮೇಲೆ ಹಾದಿ ಸುಗಮವಾಗಲಿಲ್ಲ. ಸಾರಾಯಿ ಬಾಟಲಿ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟಿನ ಟೀಕೆ ಕೇಳಬೇಕಾಯಿತು. ಪಕ್ಷದೊಳಗೆ ಜಗಳ ಬೆಳೆಯಿತು. ದೂರವಾಣಿ ಕದ್ದಾಲಿಕೆಯ ಆರೋಪ ಬಂದು 1988ರ ಆಗಸ್ಟ್‌ನಲ್ಲಿ ಅಧಿಕಾರ ಬಿಟ್ಟರು. ಮುಂದೆ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾಗಿದ್ದು, 2004ರ ಜನವರಿ 12ರಂದು ನಿಧನರಾದರು.

ಸಂಖ್ಯೆ ಕಡಿಮೆಯಿದ್ದಾಗ ಹತ್ತು ಜನರನ್ನು ಕೇಳಿ ನಡೆದ ಸರ್ಕಾರ ಹಳ್ಳಿಗೆ ಅಧಿಕಾರದ ದಾರಿ ತೆರೆಯಿತು. ಸಂಖ್ಯೆ ತುಂಬಿದ ಮೇಲೆ ಮನೆಜಗಳವೇ ಮುಳುವಾಯಿತು. ನಾಳೆ ಪಂಚಾಯಿತಿಯಲ್ಲೋ ವಿಧಾನಸೌಧದಲ್ಲೋ ಕೂರಲಿರುವ ನಮ್ಮ ವಿದ್ಯಾರ್ಥಿಗಳು ಇವೆರಡನ್ನೂ ನೆನಪಿಡಲಿ.